ಅಕ್ಷರ ಕುಗ್ಗಿಸಿದ ಬೋರ್ಡ್ ಪೇಂಟರ್

ಅರವತ್ತು ದಾಟಿದ ಬೋರ್ಡ್ ಪೇಂಟರಿಗೆ ತಮ್ಮ ತಲೆ ಕೈಕೊಡುತ್ತಿದೆ ಎಂಬ ಗುಮಾನಿ ಹತ್ತಿತು. ಹಣೆಯ ಮೇಲೇರಿಸಿದ ಕನ್ನಡಕವನ್ನು ಮನೆಯೆಲ್ಲ ಹುಡುಕಿದ್ದರು. ಸ್ವಂತ ಭಾವಮೈದುನನ ಹೆಸರು ನಾಲಿಗೆ ತುದಿಯಲ್ಲೇ ಸಿಕ್ಕಿಕೊಂಡು, ಗೆಳೆಯನ ಮುಂದೆ "ಇವ್ರು... ನಮ್ಮೋರೇ" ಎಂದು ತಿಪ್ಪೆ ಸಾರಿಸಿದ್ದರು. ಆಮೇಲೆ ಮರೆವಿನ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಓದಿದ್ದನ್ನೆಲ್ಲ ತಮಗೇ ಅಂಟಿಸಿಕೊಂಡರು.

"ನಿನ್ನನ್ನೂ ಒಂದಿನ ಮರ್ತುಬಿಡ್ತೀನಿ ಕಣೆ," ಎಂದು ಹೆಂಡತಿಯ ಮುಂದೆ ಗೋಳಾಡಿದರು.

"ಮದುವೆಯಾದ ಹೊಸದ್ರಲ್ಲಿ ನಮ್ಮಪ್ಪ ನಿಮ್ಮನ್ನ ಒಣಕಲು ಅಂದಿದ್ದನ್ನ ಇವತ್ತು ಬೆಳಿಗ್ಗೆನೂ ಎತ್ತಿ ಆಡಿದ್ರಿ. ಆ ಕಾಯಿಲೆ ನಿಮ್ಮ ಹತ್ರ ಸುಳಿಯಲ್ಲ ಬಿಡಿ!"

ಕೆಲಸದಲ್ಲಿ ಬೇರೆಯೇ ತಕರಾರು. ಚಪ್ಪಲಿ ಅಂಗಡಿಯ ಬೋರ್ಡಿನಲ್ಲಿ ಮೊದಲಕ್ಷರ ಕುಂಬಳಕಾಯಿಯಷ್ಟಿದ್ದರೆ ಕೊನೆಯದು ನೆಲ್ಲಿಕಾಯಿಯಷ್ಟು. "ಇದೇನಣ್ಣ, ನನ್ನ ಅಂಗಡಿ ಓಡಿಹೋಗ್ತಿರೋ ಹಾಗಿದೆ?" ಎಂದ ಅಂಗಡಿಯವನಿಗೆ, ಹಲಗೆಯೇ ಗಿಡ್ಡ ಎಂದು ದಬಾಯಿಸಿದರು. ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆಯೇ ಹೊಡೆಯುತ್ತಿಲ್ಲವೆಂದು ಬಣ್ಣದಂಗಡಿಯವನಿಗೆ ಕಲಬೆರಕೆಯ ಆರೋಪ ಹೊರಿಸಿದರು.

ಅಪ್ಪನ ಗೋಳು ತಾಳಲಾರದೆ ಮಗಳು ನರರೋಗದ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು, ಹೆಂಡತಿಯೂ ಹೊರಟರು. ಪೇಂಟರು ದಾರಿಯುದ್ದಕ್ಕೂ ತಾರೀಖು, ವಾರ ಉರುಹೊಡೆದರು.

"ಕೊಡೆ, ರೈಲು, ಹಸಿರು. ಆಮೇಲೆ ಕೇಳ್ತೀನಿ, ನೆನಪಿಟ್ಕೊಳ್ಳಿ," ಎಂದರು ಡಾಕ್ಟರಮ್ಮ.

ಬೇರೆ ಪ್ರಶ್ನೆಗಳೆಲ್ಲ ಮುಗಿದು ಮತ್ತೆ ಕೇಳಿದಾಗ ಪೇಂಟರು, "ಕೊಡೆ, ರೈಲು, ಹಸಿರು. ಎಲೆ ಹಸಿರೋ ಬಾಟಲಿ ಹಸಿರೋ ನೀವು ಹೇಳ್ಲಿಲ್ಲ," ಎಂದರು.

ಡಾಕ್ಟರಮ್ಮ ನಕ್ಕರು. "ಮರೆತ ಹೆಸರು ಆಮೇಲೆ ನೆನಪಾಗುತ್ತಾ?"

"ಆಗುತ್ತೆ, ಅವ್ನು ಎದ್ದು ಹೋದ್ಮೇಲೆ."

"ಅದು ವಯಸ್ಸು. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋದೂ ವಯಸ್ಸೇ. ಕನ್ನಡಕ ಯಾತಕ್ಕೆ ಅಂತಾನೇ ತಿಳೀದಿದ್ರೆ ಯೋಚನೆ ಮಾಡ್ಬೇಕು."

ಪೇಂಟರು ಗೆದ್ದವರಂತೆ ಬಾಗಿಲಿಗೆ ನಡೆದರು.

"ಸ್ವಲ್ಪ ನಿಲ್ಲಿ. ಇನ್ನೊಂದ್ಸಲ ನಡೀರಿ."

ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಹೊಲಿದಂತಿತ್ತು. ಒಂದು ಸಾಲು ಬರೆಸಿದರೆ ಅಕ್ಷರಗಳು ಬರಬರುತ್ತ ಇರುವೆಗಳಾದವು.

"ಹಾಲು ಸೀದ್ರೂ ಪಕ್ಕದಲ್ಲೇ ಕೂತಿರ್ತಾರೆ, ವಾಸನೆನೇ ಗೊತ್ತಾಗಲ್ಲ," ಎಂದರು ಹೆಂಡತಿ. "ನಾನು ಸೋಮಾರಿತನ ಅಂದ್ಕೊಂಡಿದ್ದೆ."

"ಇದು ಬರೀ ವಯಸ್ಸಲ್ಲ. ಕೈ ಬೀಸದಿರೋದು, ಅಕ್ಷರ ಕುಗ್ಗೋದು, ವಾಸನೆ ತಿಳೀದಿರೋದು ಒಟ್ಟಿಗೆ ನೋಡಿದ್ರೆ, ಮೈಯ ಚಲನೆ ಕುಗ್ಗಿಸೋ ಪಾರ್ಕಿನ್ಸನ್ ಶುರುವಾಗಿರೋ ಹಾಗಿದೆ," ಎಂದರು ಡಾಕ್ಟರಮ್ಮ.

"ನನ್ನ ಕೈ ನಡುಗ್ತಿಲ್ವಲ್ಲಾ?"

"ಎಲ್ಲರಿಗೂ ನಡುಗಲ್ಲ. ಪೂರ್ತಿ ಹೋಗೋ ಕಾಯಿಲೆಯಲ್ಲ, ಆದ್ರೆ ಮಾತ್ರೆ, ವ್ಯಾಯಾಮದಿಂದ ಕೆಲಸ ಸಾಗುತ್ತೆ."

ಹೊರಗೆ ಬಂದು ಬೆಂಚಿನ ಮೇಲೆ ಪೇಂಟರು ಕುಳಿತರು. ಹೆಂಡತಿ ಆ ಬಲಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಮರೆವಿಗೆ ಅಷ್ಟೊಂದು ಹೆದ್ರಿದ್ದು ದಂಡ ಆಯ್ತಲ್ಲೇ," ಎಂದರು ಪೇಂಟರು. ಹೆಂಡತಿಗೆ ನಗು ಬಂತು, ಬೆನ್ನಿಗೇ ಅಳುವೂ.

ಮಾತ್ರೆ ಶುರುವಾದ ಮೇಲೆ ಕೈ ಹಗುರಾಯಿತು. ಏಣಿ ಹತ್ತುವುದನ್ನು ಬಿಟ್ಟರು. ಹಲಗೆಯನ್ನು ಅಂಗಳದಲ್ಲಿ ಒರಗಿಸಿ, ಮೇಲೊಂದು ಕೆಳಗೊಂದು ಸೀಮೆಸುಣ್ಣದ ಗೆರೆ ಎಳೆದು, ಎರಡೂ ಗೆರೆಯನ್ನು ಅಕ್ಷರ ಮುಟ್ಟುವಂತೆ ಬರೆಯತೊಡಗಿದರು. ಸ್ಟೂಲ್ ಹಾಕಿಕೊಂಡು ಹೆಂಡತಿಯ ಕಾವಲು.

"ಸಣ್ಣ ಆಯ್ತು! ದೊಡ್ಡದು ಬರೀರಿ!"

"ಎಲ್ಲಾ ಸಣ್ಣ ಆದ್ರೂ ನಿನ್ನ ಬಾಯಿ ಮಾತ್ರ ಆಗಲ್ಲ ನೋಡು," ಎಂದು ಗೊಣಗುತ್ತ ಪೇಂಟರು ಕುಂಚವನ್ನು ಮೇಲಿನ ಗೆರೆಗೆ ಮುಟ್ಟಿಸಿದರು.