ಕೋಟಿ ಆದ ಮೇಲೆ

ನಮ್ಮಪ್ಪ ನಾಗಮಂಗಲದಲ್ಲಿ ಅಕ್ಕಸಾಲಿ. ಕೈಯಲ್ಲಿ ಗುಲಗಂಜಿ ತೂಕದ ಚಿನ್ನ, ಬಾಯಲ್ಲಿ ಮಾತ್ರ ಮುಗಿಲು ಮುಟ್ಟುವ ಲೆಕ್ಕ. ಅರದಿಂದ ಉಜ್ಜುತ್ತಾ ಏಕ, ದಶ, ಶತ ಎಂದು ಶುರುಮಾಡಿದರೆ ಕೋಟಿ, ಅರ್ಬುದ, ಅಬ್ಜ ದಾಟಿ ಪರಾರ್ಧಕ್ಕೇ ನಿಲ್ಲುವುದು. ಒಂದರ ಮುಂದೆ ಹದಿನೇಳು ಸೊನ್ನೆ. ಯಾರೂ ಎಣಿಸಿ ಮುಗಿಸಲಾಗದ್ದಕ್ಕೂ ಹೆಸರಿಟ್ಟವನ ಧೈರ್ಯ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸಿಂಧಘಟ್ಟದ ತಾತ, ಅಂದರೆ ಅವ್ವನ ಅಪ್ಪ, ಅವರೂ ಅಕ್ಕಸಾಲಿಯೇ. ಆದರೆ ಪಾಠ ಬೇರೆ. ಕೋಟಿಯಾದ ಮೇಲೆ ದಶಕೋಟಿ, ಶತಕೋಟಿ, ಆಮೇಲೆ ಅರ್ಬುದ. ಅಪ್ಪನ ಅರ್ಬುದ ಹತ್ತು ಕೋಟಿ, ತಾತನದು ಸಾವಿರ ಕೋಟಿ. ಹೆಸರು ಒಂದೇ, ನಡುವೆ ನೂರು ಪಟ್ಟು! ಹಬ್ಬಕ್ಕೆ ಹೋದಾಗಲೆಲ್ಲ ತಟ್ಟೆಯಲ್ಲಿ ಒಬ್ಬಟ್ಟು ಆರುತ್ತಿತ್ತು, ಮಾವ ಅಳಿಯನ ವಾದ ಆರುತ್ತಿರಲಿಲ್ಲ.

"ಅಷ್ಟು ಅವಸ್ರ ಯಾಕೆ ಅಳಿಯಂದ್ರೇ, ಕೋಟಿ ಹತ್ರ ಒಸಿ ನಿಂತ್ಕಳಿ" ಅನ್ನೋರು ತಾತ.

ತಾತ ತೀರಿಕೊಂಡರೂ ಅಪ್ಪ ಬಿಟ್ಟುಕೊಡಲಿಲ್ಲ. "ಸಾಯೋಗಂಟ ತಪ್ಪೇ ಹೇಳ್ಕಂಡು ಹೋದ್ರು" ಎಂದುಬಿಟ್ಟರು. ಅವ್ವ ಎರಡು ದಿನ ಮಾತು ಬಿಟ್ಟಳು.

ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತೂ ನಿಂತಿತು. ಬಾಯಿಪಾಠ ಇರುವುದನ್ನು ಹೇಳಿಸಿ, ಎಂದರು ಡಾಕ್ಟರು. ನಾನು ಪಾಠ ಮಾಡುವ ಪಾಂಡವಪುರದ ಶಾಲೆಗೆ ರಜೆ ಹಾಕಿ ಬಂದೆ. ದಿನಾ ಎದುರು ಕೂತು "ಏಕ" ಅನ್ನುತ್ತಿದ್ದೆ. ಅಪ್ಪ ಸುಮ್ಮನೆ ನೋಡುತ್ತಿದ್ದರು. ಆ ಕಣ್ಣಿನ ಹಿಂದೆ ನಮ್ಮಪ್ಪ ಇದ್ದಾರೋ ಇಲ್ಲವೋ ಎಂದೇ ನನಗೆ ಭಯ.

ಇಪ್ಪತ್ತನೇ ದಿನವೋ ಏನೋ, ಅವ್ವ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪನ ತುಟಿ ಅಲುಗಿತು. "ದಶ." ಆಮೇಲೆ ತೊದಲಿ ತೊದಲಿ ಕೋಟಿಯವರೆಗೂ ಬಂದರು. ನಾನು ಅರ್ಬುದಕ್ಕೆ ಕಾದೆ.

"ದಶಕೋಟಿ" ಅಂದರು. "ಶತಕೋಟಿ."

ಬದುಕೆಲ್ಲಾ ಹೇಳಿದ್ದೇ ಮರೆತುಹೋಗಿದೆ.

"ತಪ್ಪಿತಲ್ಲವ್ವಾ. ಎಲ್ಲಾ ಹೋಯ್ತು."

ಅವ್ವನ ಕೈ ನಿಂತಿತ್ತು. "ಏನೂ ಹೋಗಿಲ್ಲ, ಸುಮ್ಕಿರು. ಅದು ನಮ್ಮಪ್ಪನ ಲೆಕ್ಕ ಕಣ್ ಮಗ."

ಅಪ್ಪ ನೋಡುತ್ತಿದ್ದುದು ನನ್ನನ್ನಲ್ಲ, ಅವಳನ್ನು. ಎಡಗೈಯನ್ನು ನಿಧಾನವಾಗಿ ಅವಳ ಮಂಡಿಯ ಮೇಲಿಟ್ಟು, ಮಾವ ಹೇಳುತ್ತಿದ್ದ ಜಾಗದಲ್ಲೇ, "ಅರ್ಬುದ" ಎಂದರು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಊಂ, ಆಮ್ಯಾಕೆ?"