ಜ್ವರಕ್ಕೊಂದು ಚಮಚ ಕುಂದಾ

ವೈರಲ್ ಜ್ವರ ಹಿಡಿದು ಮಲಗಿದ್ದೇನೆ. ಮೂಗು ಪೂರ್ತಿ ಕಟ್ಟಿದೆ. ಹೆಂಡತಿ ಮಾಡಿದ ಕಷಾಯದ ವಾಸನೆಯೂ ತಿಳಿಯುವುದಿಲ್ಲ. ಆದರೆ ಬೆಳಗಾವಿಯ ಖಾಸಬಾಗದ ನಮ್ಮ ಓಣಿಯ ಮಿಠಾಯಿ ಅಂಗಡಿಯಲ್ಲಿ ಕುಂದಾಕ್ಕೆಂದು ಹಾಲು ಕುದಿಸಿ ಕೆಂಪಗೆ ಮಾಡುವ ಘಮ ಮಾತ್ರ ಹೇಗೋ ಒಳಗೆ ಬರುತ್ತದೆ. ನನ್ನ ಮೂಗಿಗೂ ಪಕ್ಷಪಾತ ಇದೆ ನೋಡಿ. ನನ್ನ ರಕ್ತದ ಸಕ್ಕರೆಯೂ ಕಾಯಿಲೆಯ ಅಂಚಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದ ಮೇಲೆ, ಈ ಘಮ ಬಂದಾಗಲೆಲ್ಲ ಖಾನಾಪುರದ ಕಾಕಾ ನೆನಪಾಗುತ್ತಾರೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ನಂದಗಡದ ಸಂತೆಗೆ ಹೋದರೆ ಭಜಿ, ಮನೆಗೆ ಬಂದರೆ ಸಕ್ಕರೆ ಸುರಿದ ಚಹಾ, ಊಟದ ಮೇಲೆ ಏನಾದರೊಂದು ಸಿಹಿ. ಅವರ ಹೊಟ್ಟೆ ನೋಡಿ ಬೀಗರು "ಛಲೋ ಸುಖದಾಗ ಅದೀರಿ" ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಮೇಲೂ ಆ ಸುಖ ಕಡಿಮೆಯಾಗಲಿಲ್ಲ. ಅವರ ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆ, ಪ್ರೀತಿ ತೋರಿಸಲು ಬಡಿಸುವುದೊಂದೇ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಚಳಿಗಾಲದಲ್ಲಿ ಕಾಕಾಗೆ ಇಂಥದೇ ಜ್ವರ ಬಂತು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಹೋಗುವುದಿಲ್ಲ. ಬಂದವರೆಲ್ಲ ಕುಂದಾ, ಪೇಢೆ ತಂದರು. "ಬಾಯಿ ಕೆಟ್ಟೈತಿ, ಒಂದ್ ತುತ್ತರ ತಿನ್ರಿ, ತ್ರಾಣ ಬರ್ತೈತಿ," ಎಂದು ಕಾಕು ತಾವೇ ಚಮಚ ಹಿಡಿದು ತಿನ್ನಿಸಿದರು. ಊಟ ಸೇರದವರಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಯಾಕೆಂದು ಅದನ್ನು ನಿಲ್ಲಿಸಿದರು. ಕುಂದಾ ಊಟದ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕೆಮ್ಮು ಎದೆಗಿಳಿಯಿತು. ಒಂದು ಮಾತು ಮುಗಿಸಲೂ ಉಸಿರು ಸಾಲದಾದಾಗ ಬೆಳಗಾವಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದೆವು. ಆಕ್ಸಿಜನ್ ಹಚ್ಚಿದರು.

"ಜ್ವರ ವೈರಸ್ಸಿಂದು ಖರೇ," ಎಂದರು ಡಾಕ್ಟರು. "ಆದ್ರ ಸಕ್ಕರಿ ಹಿಂಗ ಏರಿದ್ರ ಮೈ ಅದರ ಕೂಡ ಹೊಡೆದಾಡೂದು ಹೆಂಗ್ರೀ? ಇದು ಈ ವಾರದ ತಿನಿಸಿಂದಷ್ಟ ಅಲ್ಲ, ಭಾಳ ವರ್ಷದ್ದು."

ಕಾಕು ಮಂಚದ ಬಾಜು ಕುಳಿತರು. "ನಾನ ತಿನಿಸಿದ್ನಲ್ರೀ."

ಕಾಕಾ ಮಾಸ್ಕ್ ಸರಿಸಿ, ತಡೆದು ತಡೆದು ಹೇಳಿದರು: "ಬಾಯಿ ತಗದಾಂವ ನಾ ಅಲ್ಲೇನ? ಅಳಬ್ಯಾಡ."

ಕಾಕಾ ಉಳಿದರು. ಆದರೆ ಇಂದಿಗೂ ಮೆಟ್ಟಿಲು ಹತ್ತುವಾಗ ನಡುವೆ ಉಸಿರಿಗೆಂದು ನಿಲ್ಲುತ್ತಾರೆ. ಆಗ ಕಾಕು ಬೇರೆ ಕಡೆ ನೋಡುತ್ತಾರೆ. ಅವರೊಬ್ಬರೇ ಯಾಕೆ ಹೊರಬೇಕು ಆ ತಪ್ಪನ್ನು? ನಮ್ಮೆಲ್ಲರ ಪ್ರೀತಿಯೂ ಹಾಗೇ ಇತ್ತಲ್ಲ.

ಇವತ್ತು ಮಧ್ಯಾಹ್ನ ನನ್ನನ್ನು ನೋಡಲು ಕಾಕು ಬಸ್ಸು ಹತ್ತಿ ಬಂದರು. ಕುಳಿತು, ಸೆರಗಿನ ಅಂಚು ತಿರುವಿದರು.

"ಏನೂ ತಂದಿಲ್ಲಪಾ," ಎಂದರು. ಕಣ್ಣು ತುಂಬಿತ್ತು. "ಗುಳಿಗಿ ತಗೊಂಡಿ ಇಲ್ಲೋ?"

ತಗೊಂಡೆ ಎಂದೆ. ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿದ್ದ ಕೈಯನ್ನು ಕಾಕು ಎತ್ತಿ ನನ್ನ ಹಣೆಯ ಮೇಲಿಟ್ಟರು. ಬಹಳ ಹೊತ್ತು ತೆಗೆಯಲೇ ಇಲ್ಲ.