ತಮ್ಮನ ಮುಂಗಾಲು

ನನ್ನ ತಮ್ಮ ಮುನ್ನುಗ್ಗುವ ಬಾಕ್ಸರ್. ಹಿಂದೆ ಸರಿದು ಹೊಡೆಯುವುದು ಅವನಿಗೆ ಬರುವುದಿಲ್ಲ. ಎದುರಾಳಿಯ ಉಸಿರು ತಾಕುವಷ್ಟು ಹತ್ತಿರ ಹೋದರೇನೇ ಅವನ ಕೈ ಓಡುವುದು. ಇಂಥವರನ್ನು ಪ್ರೆಶರ್ ಫೈಟರ್ ಅನ್ನುತ್ತಾರೆ. ಹೊಳೆನರಸೀಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಇದೆಲ್ಲ ಗೊತ್ತಾದದ್ದು ಅವನಿಂದಲೇ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ, ಅವನ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ಹಳೆಯ ಪಂದ್ಯಗಳನ್ನು ನೋಡುತ್ತಿದ್ದೆವು. ನಾನು ಮುಖಗಳನ್ನು ನೋಡುತ್ತಿದ್ದರೆ ಅವನಿಗೆ ಸಿಟ್ಟು. "ಕಾಲ್ ನೋಡಕ್ಕ, ಕಾಲು!" ಎಂದು ಪರದೆಯ ಮೇಲರ್ಧವನ್ನು ಅಂಗೈಯಿಂದ ಮುಚ್ಚಿಬಿಡುತ್ತಿದ್ದ.

ಕಾಲುಗಳನ್ನಷ್ಟೇ ನೋಡುತ್ತಾ ಹೋದಾಗ ನುಗ್ಗುವವರಲ್ಲೂ ಎರಡು ಬಗೆ ಇರುವುದು ಕಂಡಿತು. ಒಬ್ಬ, ಎದುರಾಳಿ ಹೋದಲ್ಲೆಲ್ಲ ಬೆನ್ನು ಹತ್ತುವವನು. ಅವನ ಹೆಜ್ಜೆ ದೊಡ್ಡದು, ಆತುರದ್ದು. ಎರಡು ಪಾದಗಳೂ ಒಂದೇ ಗೆರೆಗೆ ಬಂದುಬಿಟ್ಟಾಗ ಸಣ್ಣ ಏಟಿಗೂ ತತ್ತರಿಸುತ್ತಾನೆ. ಇನ್ನೊಬ್ಬ ಅಟ್ಟಿಸಿಕೊಂಡು ಹೋಗುವುದೇ ಇಲ್ಲ. ಪಾದ ನೆಲ ಬಿಡದಂತೆ ಅರ್ಧ ಹೆಜ್ಜೆ ಪಕ್ಕಕ್ಕೆ ಜರುಗುತ್ತಾನೆ, ಮತ್ತೆ ಅರ್ಧ ಹೆಜ್ಜೆ. ಎದುರಾಳಿ ಎಲ್ಲಿಗೆ ತಪ್ಪಿಸಿಕೊಳ್ಳಬೇಕೆಂದಿದ್ದಾನೋ ಅಲ್ಲಿ ಆಗಲೇ ನಿಂತಿರುತ್ತಾನೆ. ಅರಕಲಗೂಡಿನಲ್ಲಿ ನಮ್ಮಜ್ಜಿ ಹಗ್ಗ ಬಿಚ್ಚಿಕೊಂಡ ಕರುವನ್ನು ಹಿತ್ತಿಲ ಮೂಲೆಗೆ ಸೇರಿಸುತ್ತಿದ್ದದ್ದು ಹಾಗೆಯೇ, ಓಡದೆ, ಕೈ ಅಗಲಿಸಿಕೊಂಡು.

ಅಜ್ಜಿಯ ಕರುವನ್ನು ನೆನಪಿಸಿ, "ನೀನು ಯಾವ ಥರದೋನೋ?" ಎಂದು ಒಮ್ಮೆ ಕೇಳಿದೆ.

"ನಾನಾ? ಕರು ಹಿಂದೆ ಓಡೋನು," ಎಂದು ನಕ್ಕ.

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ಅವನಿಗೆ ಬಾಕ್ಸಿಂಗ್ ಕಲಿಸುವ ಮೇಷ್ಟ್ರು ಸೈನ್ಯದಿಂದ ನಿವೃತ್ತರಾದವರು. ಅವರೂ ಅದನ್ನೇ ಬೈಯುತ್ತಿದ್ದರು. "ಲೇ, ಬಸ್ಸು ತಪ್ಪಿದೋನಂಗೆ ಓಡಬ್ಯಾಡ ಕಣ್ಲಾ. ಮುಂದಿನ ಸ್ಟಾಪಲ್ಲಿ ಮೊದ್ಲೇ ಓಗಿ ನಿಂತ್ಕೊ!"

ಅವನ ಮೂರನೆಯ ವೃತ್ತಿಪರ ಪಂದ್ಯ ನಡೆದದ್ದು ಹಾಸನದ ಒಂದು ಕಲ್ಯಾಣಮಂಟಪದಲ್ಲಿ. ಎದುರಾಳಿ ಎಡಚ. ಎಡಚನ ಬಲಗಾಲು ಮುಂದಿರುತ್ತದೆ, ತಮ್ಮನದು ಎಡಗಾಲು. ಹಾಗಾಗಿ ಇಬ್ಬರ ಮುಂಗಾಲುಗಳೂ ಎದುರುಬದುರು ಬೀಳುತ್ತವೆ. ಅವನ ಪಾದದ ಹೊರಮಗ್ಗುಲಿಗೆ ನಿನ್ನ ಪಾದ ಇಡು ಎಂದು ಮೇಷ್ಟ್ರು ವಾರವಿಡೀ ಹೇಳಿದ್ದರು. ಮೂರನೆಯ ಸುತ್ತಿನಲ್ಲಿ ತಮ್ಮ ಎಲ್ಲ ಮರೆತು ನೇರ ನುಗ್ಗಿದ. ಅವನ ಪಾದ ಆ ಹುಡುಗನ ಪಾದವನ್ನು ತುಳಿಯಿತು.

ತಮ್ಮನ ಬಲಗೈ ಗದ್ದ ಬಿಟ್ಟು ಕೆಳಗಿಳಿಯಿತು. ಹೊಡೆಯಲು ಅಲ್ಲ. ಆ ಹುಡುಗನ ತೊಡೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು. ನಮ್ಮಲ್ಲಿ ಯಾರಿಗಾದರೂ ಕಾಲು ತಾಕಿದರೆ ಹಾಗೆ ಮಾಡುತ್ತೇವಲ್ಲ, ಯೋಚಿಸಿ ಮಾಡುವುದಲ್ಲ ಅದು, ಕೈ ತಾನೇ ಹೋಗುತ್ತದೆ. ಗ್ಲೌಸು ಅವನ ಕಣ್ಣಿನವರೆಗೆ ಬರಲೇ ಇಲ್ಲ. ಆ ಹುಡುಗನ ಎಡಗೈ ಏಟು ತಮ್ಮನ ಗದ್ದಕ್ಕೆ ಬಿತ್ತು. ಬೀಳುವಾಗ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಕಣ್ಣು ಅರ್ಧ ತೆರೆದೇ ಇತ್ತು, ರಿಂಗಿನ ಪಕ್ಕದಿಂದ ನಾನು ಕೂಗಿದರೂ ನನ್ನತ್ತ ತಿರುಗಲಿಲ್ಲ.

ಈಗಲೂ ತರಗತಿಯಲ್ಲಿ ಡಸ್ಟರ್ ಕೆಳಗೆ ಬಿದ್ದರೆ ನನ್ನ ಮಾತು ನಿಂತುಹೋಗುತ್ತದೆ. ಆ ಕೈ ಇಳಿಯುವುದು ಕಾಣುತ್ತದೆ. ಪ್ರತಿ ಸಲವೂ ಎತ್ತು, ಎತ್ತು ಎಂದುಕೊಳ್ಳುತ್ತೇನೆ.

ಸ್ಕ್ಯಾನಿಂಗಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಮೂರು ತಿಂಗಳು ತಲೆಗೆ ಏಟು ಬೀಳಕೂಡದು ಎಂದರು ಡಾಕ್ಟರು. ಮಾರನೆಯ ದಿನ ಆ ಎಡಚ ಹುಡುಗ ಮೂಸಂಬಿ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದ. "ಕೈ ಯಾಕೆ ಇಳಿಸ್ದ ಅಂತ ಹೊಡೆಯುವಾಗಲೇ ಗೊತ್ತಾಯ್ತು ಅಕ್ಕಾ. ಆದರೆ ನನ್ನ ಕೈ ಆಗಲೇ ಹೊರಟುಬಿಟ್ಟಿತ್ತು," ಎಂದ. ಅವನ ಕಣ್ಣು ಕೆಂಪಾಗಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗಲಿಲ್ಲ.

ಅವನು ಹೋದ ಮೇಲೆ ತಮ್ಮನಿಗೆ ಹೇಳಿದೆ. "ಅದು ನಾನು ಕಲಿಸಿದ್ದು ಕಣೋ. ಚಿಕ್ಕೋನಿದ್ದಾಗ ನೀನು ನನ್ನ ಪುಸ್ತಕ ತುಳಿದಿದ್ದೆ. ಕೈ ಹಿಡಿದು ಮುಟ್ಟಿಸಿ ಕಣ್ಣಿಗೊತ್ತಿಸಿದ್ದು ನಾನು."

"ಬಿಡಕ್ಕ, ಕೆಟ್ಟದ್ದೇನೂ ಕಲಿಸ್ಲಿಲ್ವಲ್ಲ," ಎಂದ. ಒಂದು ಮೂಸಂಬಿ ಕೈಗೆತ್ತಿಕೊಂಡು, "ನೀನು ಬ್ಯಾಡ ಅಂದ್ರೆ ಬಾಕ್ಸಿಂಗೇ ಬಿಟ್ಬುಡ್ತೀನಿ," ಎಂದ. ಅವನು ಸುಮ್ಮನೆ ಹೇಳುವವನಲ್ಲ. ಅಂದಿನಿಂದ ಆ ಮಾತು ನನ್ನ ಎದೆಯ ಮೇಲೆ ಕೂತಿತು.

ಬೇಡ ಅನ್ನುವ ಮೊದಲು ಒಂದನ್ನು ನೋಡಬೇಕಿತ್ತು. ಅವನು ಚೇತರಿಸಿಕೊಂಡ ಮೇಲೆ ಹಿತ್ತಿಲಲ್ಲಿ ನಾನೇ ಆ ಎಡಚನಂತೆ ಬಲಗಾಲು ಮುಂದಿಟ್ಟು ನಿಂತೆ. ಏಟಿಲ್ಲ, ಬರೀ ಹೆಜ್ಜೆ. "ನನ್ನ ಕಾಲು ತುಳಿ, ಕೈ ಇಳಿಸಬೇಡ," ಎಂದೆ. ಅವನು ತುಳಿದ. ಕೈ ಇಳಿಯಿತು. ಮತ್ತೆ ತುಳಿದ, ಮತ್ತೆ ಇಳಿಯಿತು. ನನ್ನ ಕಾಲ್ಬೆರಳುಗಳು ಊದಿಕೊಂಡವು, ಅವನ ಕೈ ಮಾತ್ರ ಬದಲಾಗಲಿಲ್ಲ.

ಅವನನ್ನು ನೋಡಲು ಬಂದ ಮೇಷ್ಟ್ರು ಇದನ್ನು ಕಂಡು ತಲೆ ಚಚ್ಚಿಕೊಂಡರು. "ಅಯ್ಯೋ, ಆ ಕೈ ಸಹವಾಸ ಬುಡ್ರಮ್ಮ, ಅದು ಮರ್ಯಾದಸ್ತ ಕೈ. ಕಾಲು ತಿದ್ರಿ. ತುಳಿದ್ರೆ ತಾನೆ ಮುಟ್ಟಿ ನಮಸ್ಕಾರ?"

ಹಾಗೆ ಅವನು ಎರಡನೆಯ ಬಗೆಯ ಹೆಜ್ಜೆಗೆ ಬಂದ. ನಾನು ಕರುವಾದೆ. ದಿನಾ ಕಾಲೇಜಿಂದ ಬಂದು, ಸೀರೆ ಸೆರಗು ಸಿಕ್ಕಿಸಿಕೊಂಡು ಹಿತ್ತಿಲಲ್ಲಿ ತಪ್ಪಿಸಿಕೊಳ್ಳುವುದು ನನ್ನ ಕೆಲಸ, ದಾರಿ ಕಟ್ಟುವುದು ಅವನದು. ಪಕ್ಕದ ಮನೆಯವರು ಬೇಲಿ ಮೇಲಿಂದ, "ಏನ್ ಮೇಡಂ, ಈ ವಯಸ್ಸಲ್ಲಿ ಕಬಡ್ಡಿನಾ?" ಎನ್ನುತ್ತಿದ್ದರು.

ಮೊನ್ನೆ ಸಂಜೆ, ಅವನು ಅರ್ಧರ್ಧ ಹೆಜ್ಜೆಯಲ್ಲಿ ಬರುತ್ತಲೇ ಇದ್ದ. ಎಡಕ್ಕೆ ಹೋಗೋಣವೆಂದರೆ ಅಲ್ಲಿದ್ದ, ಬಲಕ್ಕೂ ಇದ್ದ. ಬೆನ್ನಿಗೆ ಬಚ್ಚಲಮನೆಯ ಗೋಡೆ ತಾಗಿತು. ಕೆಳಗೆ ನೋಡಿದೆ. ಅವನ ಪಾದ ನನ್ನ ಪಾದದ ಹೊರಮಗ್ಗುಲಲ್ಲಿ, ಎರಡು ಬೆರಳಷ್ಟು ಜಾಗ ಬಿಟ್ಟು, ತಾಕದೆ ನಿಂತಿತ್ತು. ಗ್ಲೌಸು ತೊಟ್ಟ ಎರಡು ಕೈಗಳೂ ಮುಖದ ಹತ್ತಿರವೇ ಇದ್ದವು.

ಗಾಬರಿಯಲ್ಲಿ ನುಸುಳಲು ಹೋಗಿ ನಾನೇ ಅವನ ಕಾಲು ತುಳಿದೆ. ತಕ್ಷಣ ನನ್ನ ಕೈ ಅವನ ಮೊಣಕಾಲಿಗೆ ಹೋಯಿತು. ಅದು ನನ್ನ ಕಣ್ಣು ಮುಟ್ಟುವ ಮೊದಲೇ ಅವನ ಗ್ಲೌಸು ನನ್ನ ಕೆನ್ನೆಗೆ ಬಂದು, ಹತ್ತಿಯಂತೆ ಒರಗಿತು.

"ಏಟು ತಿಂದೆ ಕಣಕ್ಕ," ಎಂದ.

"ಹೋಗು, ಮತ್ತೆ ರಿಂಗಿಗೆ ಹೋಗು," ಎಂದೆ. "ಆದ್ರೆ ಪಂದ್ಯ ನಿಲ್ಲಿಸೋ ಟವೆಲ್ಲು ನನ್ನ ಕೈಲಿರ್ಬೇಕು."

"ಆಗ್ಲಿ," ಎಂದ. ಗ್ಲೌಸು ಇನ್ನೂ ನನ್ನ ಕೆನ್ನೆಯ ಮೇಲೇ ಇತ್ತು.